ಸಾದಹಳ್ಳಿ ಗೇಟಿನಲ್ಲಿ ಗಂಗೆ ಪೂಜೆ

ಪುಟ್ಟೀ, ಚಿನ್ನೂ,

ಏರ್‌ಪೋರ್ಟ್ ರಸ್ತೆಯಲ್ಲಿ ಸಾದಹಳ್ಳಿ ಗೇಟು ದಾಟುವಾಗ ನಾನು ಕೈ ಮುಗಿಯುವುದನ್ನು ನೋಡಿ ನೀವಿಬ್ಬರೂ ನಗುತ್ತೀರಿ. ಅಲ್ಲಿ ಗುಡಿಯಿಲ್ಲ, ಗೋಪುರವಿಲ್ಲ. ಗಾಡಿಗಳು ಸಾಲುಗಟ್ಟಿ ನಿಂತು ಸುಂಕ ಕಟ್ಟುವ ಜಾಗ ಅದು. "ನಮ್ಮಜ್ಜಿ ಟೋಲ್‌ಗೂ ನಮಸ್ಕಾರ ಮಾಡ್ತಾಳೆ" ಎಂದು ಚಿನ್ನು ಹೋದ ಸಲ ತನ್ನ ಗೆಳೆಯನಿಗೆ ಹೇಳಿದ. ನನಗೂ ನಗು ಬಂತು. ಆದರೆ ಯಾಕೆ ಎಂದು ಪುಟ್ಟಿ ಕೇಳಿದಾಗ ಉತ್ತರ ಬಾಯಿಗೆ ಬರಲಿಲ್ಲ. ನನ್ನ ಸ್ವಭಾವವೇ ಹಾಗೆ. ಇಬ್ಬರು ಮುಖ ನೋಡಿದರೆ ಸಾಕು, ಹೇಳಬೇಕಾದ್ದು ಗಂಟಲಲ್ಲೇ ಕೂತುಬಿಡುತ್ತದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಊರ ಶಾಲೆಯಲ್ಲಿ ಮೇಷ್ಟ್ರು ಕಲಿಸಿದ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಪುಟ್ಟೀ, ನೀನು ಹುಟ್ಟಿದಾಗ ಏರ್‌ಪೋರ್ಟ್ ಬಂದು ಸ್ವಲ್ಪ ಕಾಲವಾಗಿತ್ತು. ಅದು ಬರುವ ಮೊದಲು ನಮ್ಮ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಆಕಾಶದಲ್ಲಿ ಹದ್ದು, ಗಿಳಿಹಿಂಡು, ಕೊಕ್ಕರೆ ಬಿಟ್ಟರೆ ಹಾರುವುದು ಏನೂ ಇರಲಿಲ್ಲ. ಮೊದಲ ಸಲ ವಿಮಾನವೊಂದು ನಮ್ಮ ಹೊಲದ ಮೇಲೆ ತಗ್ಗಿನಲ್ಲಿ ಹೋದಾಗ ಹಸು ಗೂಟ ಕಿತ್ತುಕೊಂಡು ಓಡಿತು. ನಾನು ಓಡಲಿಲ್ಲ. ಕುಡುಗೋಲು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ವಿಮಾನ ಹೊಟ್ಟೆಯೊಳಗಿಂದ ಕಾಲು ಚಾಚಿತು. ಕೊಕ್ಕರೆ ಕೆರೆಗೆ ಇಳಿಯುವ ಮುಂಚೆ ಚಾಚುತ್ತದಲ್ಲ, ಹಾಗೇ. ಮನುಷ್ಯರನ್ನು ತುಂಬಿಕೊಂಡ ಒಂದು ಬೀದಿಯೇ ಹಾರಿಹೋದ ಹಾಗಿತ್ತು. ಈಗ ನೀವು ಅದರ ಸದ್ದಿಗೆ ತಲೆಯನ್ನೂ ಎತ್ತುವುದಿಲ್ಲ. ನಾನು ಇವತ್ತಿಗೂ ಎತ್ತುತ್ತೇನೆ.

ಆಗ ನಿಮ್ಮಪ್ಪ ಅಮ್ಮ ಹೆಬ್ಬಾಳದಲ್ಲಿ ಬಾಡಿಗೆ ಮನೆಯಲ್ಲಿದ್ದರು. ನಿಮ್ಮಪ್ಪ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದರು. ನಿಮ್ಮಮ್ಮನಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸ. ಬಾಣಂತನಕ್ಕೆ ತವರಿಗೆ ಬರಬೇಕಾದದ್ದು ಪದ್ಧತಿ. ಆದರೆ ಪುಟ್ಟಿ ತೂಕ ಕಮ್ಮಿ ಇದ್ದಳು, ವಾರ ವಾರವೂ ಆಸ್ಪತ್ರೆಗೆ ತೋರಿಸಬೇಕು ಎಂದಿದ್ದರು. ಹಾಗಾಗಿ ಮಗಳು ತವರಿಗೆ ಬರುವ ಬದಲು ತವರೇ ಬಸ್ಸು ಹತ್ತಿತು. ಅಲ್ಲೇ ಉಳಿದುಬಿಡೋಣವೆಂದರೆ ಮನೆಯಲ್ಲಿ ಹಸು. ನನ್ನ ಕೈಗಲ್ಲದೆ ಬೇರೆ ಕೈಗೆ ಹಾಲು ತೊರೆಬಿಡದ ಹಸು ಅದು. ನಿಮ್ಮ ತಾತ ಹೋದಮೇಲೆ ಆ ಹಸುವಿಗೆ ನಾನು, ನನಗೆ ಆ ಹಸು. ಬೆಳಗ್ಗೆ ಹಾಲು ಕರೆದು, ಟೆಂಪೋ ಹಿಡಿದು ದೇವನಹಳ್ಳಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಹೆಬ್ಬಾಳ. ಮಗೂಗೆ ಎಣ್ಣೆ ಹಚ್ಚಿ ನೀರು ಹಾಕಿ, ಬಾಣಂತಿಗೆ ಊಟ ಬಡಿಸಿ, ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ಸು. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಆ ರಸ್ತೆಯನ್ನು ಬೈಯದವರನ್ನು ನಾನು ಕಾಣೆ. ಮೇಲ್ಸೇತುವೆ ಕಟ್ಟುವ ಕೆಲಸ ಆಗ ತಾನೇ ಶುರುವಾಗಿತ್ತು. ಇದ್ದ ರಸ್ತೆಯನ್ನು ಅಗೆದು, ತಗಡು ಮರೆ ಮಾಡಿ, ಉಳಿದ ಸಂದಿಯಲ್ಲಿ ಲೋಕವನ್ನೆಲ್ಲ ನುಗ್ಗಿಸಿದ್ದರು. ಬಸ್ಸು ಬಂದರೆ ನಿಲ್ಲುತ್ತಿರಲಿಲ್ಲ, ನಿಂತರೆ ಜಾಗವಿರುತ್ತಿರಲಿಲ್ಲ, ಜಾಗ ಸಿಕ್ಕರೆ ಬಸ್ಸೇ ಚಲಿಸುತ್ತಿರಲಿಲ್ಲ. ನಮ್ಮ ಬೆವರು ಆರುವ ಮುಂಚೆ ಕಿಟಕಿ ಮುಚ್ಚಿದ ಏಸಿ ಬಸ್ಸೊಂದು ಪಕ್ಕದಲ್ಲಿ ಬಂದು ನಿಲ್ಲುವುದು. ಅದರೊಳಗಿನವರು ಸ್ವೆಟರ್ ಹಾಕಿಕೊಂಡು ನಿದ್ದೆ ಮಾಡುತ್ತಿರುವುದು. ಜಾಮ್‌ನಲ್ಲಿ ಮಾತ್ರ ಅವರೂ ನಾವೂ ಒಂದೇ.

ನನಗೆ ಇನ್ನೊಂದು ಕಷ್ಟವಿತ್ತು. ನನ್ನ ಸ್ಟಾಪು ಬಂದಾಗ "ಇಳೀತೀನಿ" ಎಂದು ಕೂಗಲು ನಾಚಿಕೆ. ಪಕ್ಕದವರು ಯಾರಾದರೂ ಅಲ್ಲೇ ಇಳಿದರೆ ಅವರ ಹಿಂದೆ ಇಳಿಯುತ್ತಿದ್ದೆ. ಯಾರೂ ಇಳಿಯದಿದ್ದರೆ ಮುಂದಿನ ಸ್ಟಾಪಿಗೆ ಹೋಗಿ ಹಿಂದಕ್ಕೆ ನಡೆದು ಬರುತ್ತಿದ್ದೆ. ಕೊನೆಗೆ ಕಂಡಕ್ಟರೇ ಕಂಡುಕೊಂಡ. "ಹೋಲ್ಡಾನ್, ಬಾಯಿಲ್ದ ಅಮ್ಮ ಇಳೀತಾರೆ" ಎಂದು ಸೀಟಿ ಊದುತ್ತಿದ್ದ. ಅದು ಕೂಗುವುದಕ್ಕಿಂತ ಹೆಚ್ಚು ನಾಚಿಕೆ.

ವಾಪಸ್ಸು ಬರುವಾಗ ಒಬ್ಬ ಹೆಂಗಸು ಸಿಕ್ಕುತ್ತಿದ್ದಳು. ದೇವನಹಳ್ಳಿ ಕಡೆಯವಳೇ. ನಸುಕಿಗೆ ಹೂವು ತಗೊಂಡು ಹೋಗಿ ಹೆಬ್ಬಾಳದಲ್ಲಿ ಮಾರಿ, ಖಾಲಿ ಮಂಕರಿ ತಲೆಕೆಳಗು ಹಾಕಿ ಅದರ ಮೇಲೇ ಕೂತು ಬರುವವಳು. ಎಲ್ಲರೂ ಹೂವಮ್ಮ ಎನ್ನುತ್ತಿದ್ದರು, ಅವಳ ನಿಜವಾದ ಹೆಸರು ನನಗೆ ಕೊನೆಗೂ ಗೊತ್ತಾಗಲಿಲ್ಲ. ಕಾಸಿನಗಲ ಕುಂಕುಮ, ಬಾಯಿ ತುಂಬ ಎಲೆ ಅಡಿಕೆ. ಕಂಡಕ್ಟರು "ಮುಂದೆ ಹೋಗ್ರಮ್ಮಾ, ಮುಂದೆ ಖಾಲಿ ಐತೆ" ಎಂದರೆ ಅವಳು ಅಲ್ಲಿಂದಲೇ, "ಮುಂದೆ ಖಾಲಿ ಇರೋದು ಡ್ರೈವರ್ ತೊಡೆ ಒಂದೇ ಕಣಪ್ಪ, ಹೋಗಿ ಕೂತ್ಕೊಳ್ಲಾ?" ಎನ್ನುವಳು. ಬಸ್ಸೆಲ್ಲ ನಗುತ್ತಿತ್ತು. ನಾನು ಸೆರಗಿನೊಳಗೆ ನಗುತ್ತಿದ್ದೆ. ಅಷ್ಟು ಜನ ಒಬ್ಬರ ಕಾಲು ಒಬ್ಬರು ತುಳಿದುಕೊಂಡು, ಒಬ್ಬರ ಮೊಣಕೈಯಿಂದ ಇನ್ನೊಬ್ಬರು ಪಕ್ಕೆಗೆ ತಿವಿಸಿಕೊಂಡು, ಮನೆಗೆ ಹೋದಮೇಲೆ ಅಡಿಗೆ ಮಾಡುವವರೂ ಹಾಲು ಕರೆಯುವವರೂ ಹೀಗೆ ನಗುತ್ತಾರಲ್ಲ ಎಂದು ನನಗೆ ದಿನವೂ ಆಶ್ಚರ್ಯ.

ಈಗ ನಿಮಗೆ ಗೊತ್ತಿಲ್ಲದ ಒಂದು ಮಾತು ಹೇಳಬೇಕು. ಪುಟ್ಟಿಗಿಂತ ಮುಂಚೆ ನಿಮ್ಮಮ್ಮನಿಗೆ ಒಂದು ಕೂಸಾಗಿತ್ತು. ಗಂಡು ಕೂಸು. ಗಂಗೆ ಪೂಜೆಯವರೆಗೂ ಅದು ಉಳಿಯಲಿಲ್ಲ. ಒಂದು ಜ್ವರ ಬಂತು, ಕೂಸು ಹೋಯಿತು.

ಗಂಗೆ ಪೂಜೆ ಅಂದರೆ ಏನೆಂದು ನೀವು ನೋಡಿಲ್ಲ. ಹೆರಿಗೆಯಾದ ಹೆಂಗಸು ತಿಂಗಳುಗಟ್ಟಲೆ ಕೊಡ ಮುಟ್ಟುವಂತಿಲ್ಲ, ನೀರು ತರುವಂತಿಲ್ಲ. ಮೈ ಗಟ್ಟಿಯಾದಮೇಲೆ ಒಂದು ಒಳ್ಳೆ ದಿನ ಮುತ್ತೈದೆಯರು ಅವಳನ್ನು ಬಾವಿಯ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಮೂರು ಕಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಗಂಗಮ್ಮ ಎಂದು ಪೂಜೆ ಮಾಡಿ, ಮಗೂನ ಆ ತಾಯಿಗೆ ತೋರಿಸಿ, ಬಾಣಂತಿಯ ಕೈಯಿಂದ ಒಂದು ಬಿಂದಿಗೆ ನೀರು ತರಿಸುತ್ತಾರೆ. ಆ ನೀರಿನಲ್ಲಿ ಅವಳು ಮೊದಲ ಅಡಿಗೆ ಮಾಡಬೇಕು. ಅಲ್ಲಿಗೆ ಬಾಣಂತನ ಮುಗಿಯಿತು, ತಾಯಿ ಮಗು ಇಬ್ಬರೂ ಗಂಡಾಂತರ ದಾಟಿದರು ಅಂತ ಲೆಕ್ಕ.

ಮೊದಲ ಕೂಸು ಹೋದಾಗ ಯಾರೋ ನಿಮ್ಮಮ್ಮನ ಎದುರಿಗೇ "ಗಂಗೆಗೆ ತೋರಿಸೋ ಯೋಗ ಇರ್ಲಿಲ್ಲ ಬಿಡು" ಎಂದುಬಿಟ್ಟರು. ಸಮಾಧಾನಕ್ಕೇ ಹೇಳಿದ್ದಿರಬಹುದು. ಅದು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಪುಟ್ಟಿ ಹುಟ್ಟಿದಮೇಲೆ ಅವಳು ನಿದ್ದೆ ಮಾಡಿದ್ದನ್ನು ನಾನು ನೋಡಲಿಲ್ಲ. ಕಣ್ಣು ಮುಚ್ಚಿದ್ದರೂ ಒಂದು ಕೈ ಮಗುವಿನ ಎದೆಯ ಮೇಲೆ ಇರುತ್ತಿತ್ತು, ಉಸಿರಾಡುತ್ತಿದೆಯಾ ಎಂದು ನೋಡಲು. ಮಗು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದರೂ ನಂಬಿಕೆಯಿಲ್ಲ. "ಗಂಗೆ ಪೂಜೆ ಆಗ್ಲಮ್ಮ, ಆಮೇಲೆ ನೋಡೋಣ" ಎನ್ನುತ್ತಿದ್ದಳು. ಎಲ್ಲದಕ್ಕೂ ಅದೇ ಮಾತು. ತೊಟ್ಟಿಲು ತರೋಣವೆಂದರೆ ಅದೇ, ಫೋಟೋ ತೆಗೆಸೋಣವೆಂದರೂ ಅದೇ.

ಹಿರಿಯರು ದಿನ ಗೊತ್ತು ಮಾಡಿದರು. ಭಾದ್ರಪದದ ಹುಣ್ಣಿಮೆ. ಸೂರ್ಯ ನೆತ್ತಿಗೆ ಬರುವುದರೊಳಗೆ, ನಮ್ಮ ಮನೆಯ ಬಾವಿಯಲ್ಲಿ. ಮಾರನೇ ದಿನದಿಂದ ಪಿತೃಪಕ್ಷ, ಒಳ್ಳೆ ಕೆಲಸ ಯಾವುದೂ ಇಲ್ಲ. ಪಕ್ಷ ಮುಗಿಯುವುದರೊಳಗೆ ಅವಳ ರಜೆ ಮುಗಿಯುತ್ತದೆ. ಆವತ್ತು ತಪ್ಪಿದರೆ ಆಯಿತು, ಆ ಮುಳ್ಳು ಇನ್ನೂ ಆಳಕ್ಕೆ ಹೋಗುತ್ತಿತ್ತು.

ಹಿಂದಿನ ದಿನ ಓರಗಿತ್ತಿಗೆ ಹಸುವನ್ನು ಒಪ್ಪಿಸಿ, ಒದೆಸಿಕೊಂಡರೆ ಬೈಬೇಡಿ ಅಕ್ಕ ಎಂದು ಹೇಳಿ, ನಾನು ಹೆಬ್ಬಾಳದಲ್ಲೇ ಉಳಿದೆ. ನಿಮ್ಮಪ್ಪ ಬೆಳಗ್ಗೆ ಕಾರಿನಲ್ಲಿ ಕರೆದುಕೊಂಡು ಹೋಗುವುದೆಂದು ಮಾತು. ನಸುಕಿಗೆ ಒಂದು ಏರ್‌ಪೋರ್ಟ್ ಬಾಡಿಗೆ ಮುಗಿಸಿ ಬರುತ್ತೇನೆಂದು ಹೋದವರು ಫೋನ್ ಮಾಡಿದರು. "ಅತ್ತೇ, ಇಲ್ಲಿ ಗಾಡಿ ಗಾಡಿಗೆ ಅಂಟ್ಕೊಂಡು ನಿಂತಿದೆ. ಯಾರೋ ದೊಡ್ಡವರು ವಿಮಾನ ಇಳಿದು ಬರ್ತಾರಂತೆ. ನೀವು ಬಸ್ ಹತ್ಬಿಡಿ, ನಾನು ಊರಿಗೇ ಬರ್ತೀನಿ." ಸರಿ, ಹಿತ್ತಾಳೆ ಚೊಂಬು, ತೆಂಗಿನಕಾಯಿ, ಅರಿಶಿನ ಕುಂಕುಮ, ಕರ್ಪೂರ, ಎಲೆ ಅಡಿಕೆ, ನೆನೆಸಿದ ಕಡಲೆಕಾಳು ಎಲ್ಲ ಚೀಲಕ್ಕೆ ತುಂಬಿ, ಮಗೂಗೆ ಕುಲಾವಿ ಹಾಕಿ, ಬಸ್ಸು ಹತ್ತಿದೆವು.

ಬಾಣಂತಿಯನ್ನು ನೋಡಿ ಒಬ್ಬಳು ಜಾಗ ಬಿಟ್ಟಳು. ಯಲಹಂಕ ದಾಟಿತು, ಚಿಕ್ಕಜಾಲ ದಾಟಿತು. ಸಾದಹಳ್ಳಿ ಗೇಟಿಗೆ ಇನ್ನೊಂದು ಕೂಗಳತೆ ಇದೆ ಎನ್ನುವಾಗ ಬಸ್ಸು ನಿಂತಿತು. ನಿಂತದ್ದು ನಿಂತೇ ಬಿಟ್ಟಿತು.

ಪೊಲೀಸರು ಎರಡೂ ಕಡೆ ತಡೆದಿದ್ದರು. ಡ್ರೈವರು ಇಂಜಿನ್ ಆರಿಸಿ ಪೇಪರ್ ಬಿಡಿಸಿದ. ಪೇಪರ್ ಬಿಡಿಸಿದ ಅಂದರೆ ಸದ್ಯಕ್ಕೆ ಹೋಗುವುದಿಲ್ಲ ಅಂತ ಎಲ್ಲರಿಗೂ ಅರ್ಥವಾಗುತ್ತದೆ. ನನ್ನ ಹಿಂದೆ ಒಬ್ಬಾತ ಫೋನಿನಲ್ಲಿ, "ಸಾರ್, ಗೇಟ್ ಹತ್ರಾನೇ ಇದೀನಿ ಸಾರ್, ಒಳಗೆ ಬರ್ತಾ ಇದೀನಿ" ಎನ್ನುತ್ತಿದ್ದ. ಕಿಟಕಿಯಲ್ಲಿ ಇನ್ನೊಂದು ನೋಟ. ಕೋಟು ಬೂಟು ಹಾಕಿದ ಗಂಡಸರು, ಹಿಮ್ಮಡಿ ಎತ್ತರದ ಚಪ್ಪಲಿಯ ಹೆಣ್ಣುಮಕ್ಕಳು, ಕಾರು ಟ್ಯಾಕ್ಸಿ ಅಲ್ಲಲ್ಲೇ ಬಿಟ್ಟು, ಚಕ್ರದ ಪೆಟ್ಟಿಗೆಗಳನ್ನು ಎಳೆದುಕೊಂಡು ಮಣ್ಣಿನಲ್ಲಿ ಏರ್‌ಪೋರ್ಟಿನ ಕಡೆ ಓಡುತ್ತಿದ್ದಾರೆ. ಒಬ್ಬರಲ್ಲ ಇಬ್ಬರಲ್ಲ, ಜಾತ್ರೆಗೆ ಹೊರಟ ಹಾಗೆ. ಆಕಾಶದಲ್ಲಿ ಹಾರಿ ಯಾವ ದೇಶಕ್ಕೋ ಹೋಗಬೇಕಾದವರು ಮೊದಲು ಸಾದಹಳ್ಳಿಯ ಮಣ್ಣಿನಲ್ಲಿ ಓಡಬೇಕಾಯಿತು. ಅವರ ತಲೆಯ ಮೇಲೆ ಅರ್ಧ ಕಟ್ಟಿದ ಕಂಬಗಳು, ತುದಿಯಲ್ಲಿ ಕಬ್ಬಿಣದ ಸರಳು ಕೆದರಿಕೊಂಡು ನಿಂತಿದ್ದವು. ಕಣ್ಣು ಹೋದಷ್ಟು ದೂರ ಕಂಬಗಳೇ. ಇಷ್ಟು ದೊಡ್ಡದನ್ನು ಮನುಷ್ಯರು ನೆನೆಯುತ್ತಾರೆ, ನೆನೆದು ಕಟ್ಟುತ್ತಾರೆ, ಆದರೆ ಒಂದು ಬಸ್ಸನ್ನು ಮುಂದಕ್ಕೆ ಬಿಡಲು ಮಾತ್ರ ಆಗುತ್ತಿಲ್ಲ ಎಂದುಕೊಂಡೆ.

ನಿಮ್ಮಮ್ಮ ಕಂಬದ ನೆರಳನ್ನೇ ನೋಡುತ್ತಿದ್ದಳು. ನೆರಳು ಗಿಡ್ಡವಾಗುತ್ತಾ ಕಂಬದ ಬುಡಕ್ಕೆ ಬರುತ್ತಿತ್ತು. ಅವಳ ಕಣ್ಣಿಂದ ನೀರಿಳಿಯುತ್ತಿತ್ತು, ಸದ್ದಿಲ್ಲ.

"ಏನವ್ವಾ ಬಾಣಂತಿ, ಮಗು ಸುಮ್ಕೆ ಮಲಗೈತೆ, ನೀನು ಅಳ್ತಾ ಕೂತಿದೀಯಾ?"

ಹೂವಮ್ಮ. ಆವತ್ತು ಬೆಳಗ್ಗೆಯೇ ವಾಪಸ್ಸು ಹೊರಟಿದ್ದಳು. ಹೂವು ಪೂರ್ತಿ ಮಾರಾಟವಾಗಿರಲಿಲ್ಲವೇನೋ, ಮಂಕರಿಯಲ್ಲಿ ಒಂದಿಷ್ಟು ಸೇವಂತಿಗೆ ಉಳಿದಿತ್ತು. ಮಗಳ ಬದಲು ನಾನೇ ಹೇಳಬೇಕಾಯಿತು. "ಗಂಗೆ ಪೂಜೆ ಇತ್ತಮ್ಮ. ಹೊತ್ತು ಮೀರ್ತಾ ಐತೆ. ನಾಳೆಯಿಂದ ಪಕ್ಷ."

"ಎಲ್ಲಿ ಪೂಜೆ?"

"ನಮ್ಮ ಬಾವೀಲಿ."

"ನಿಮ್ಮ ಬಾವೀಲಿ ನೀರೈತಾ?"

ನಾನು ತಲೆ ತಗ್ಗಿಸಿದೆ. ನಮ್ಮ ಬಾವಿ ಬತ್ತಿ ಎಷ್ಟೋ ಕಾಲವಾಗಿತ್ತು. ತಳದಲ್ಲಿ ಪಾರಿವಾಳಗಳು ಗೂಡು ಕಟ್ಟಿದ್ದವು. "ಇಲ್ಲ. ಬಿಂದಿಗೇಲಿ ನೀರು ತಂದು ಬಾವಿ ಕಟ್ಟೆ ಮೇಲೆ ಇಟ್ಕೊಂಡು ಮಾಡ್ತೀವಿ."

"ಬಿಂದಿಗೆ ನೀರು ಎಲ್ಲಿಂದ ತರ್ತೀರಾ?"

"ಟ್ಯಾಂಕರ್ ಬರುತ್ತಲ್ಲ ಊರಿಗೆ, ಅದ್ರಲ್ಲಿ."

ಹೂವಮ್ಮ ಕೆನ್ನೆ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಅದೇ ಕೈಯನ್ನು ಕಿಟಕಿಯ ಕಡೆ ತೋರಿಸಿದಳು. ನಮ್ಮ ಬಸ್ಸಿಗೆ ಒತ್ತಿಕೊಂಡ ಹಾಗೆ ಒಂದು ನೀರಿನ ಟ್ಯಾಂಕರು ನಿಂತಿತ್ತು. ಹಿಂದಿನ ನಲ್ಲಿಯಿಂದ ತೊಟ ತೊಟ ತೊಟ್ಟಿಕ್ಕುತ್ತಿತ್ತು.

"ಟ್ಯಾಂಕರ್ ನೀರ್ನ ಬಿಂದಿಗೆಗೆ ಹುಯ್ದು, ಬಿಂದಿಗೇನ ಒಣ ಬಾವಿ ಮೇಲೆ ಮಡಗಿ, ಅದಕ್ಕೆ ಕೈ ಮುಗೀತೀರಾ. ಇಲ್ಲಿ ಆ ನಮ್ಮವ್ವ ತುಂಬಿ ತುಳುಕ್ತಾ ಚಕ್ರ ಕಟ್ಕೊಂಡು ಪಕ್ಕಕ್ಕೇ ಬಂದು ನಿಂತವಳೆ. ಅವಳಿಗೆ ಮುಖ ತಿರುಗಿಸ್ಕೊಂಡು ಅಳ್ತಾ ಇದೀರಲ್ಲ, ಬುದ್ಧಿ ಎಲ್ಲಿ ಅಡ ಇಟ್ರಿ?"

ಬಸ್ಸಿನಲ್ಲಿ ಯಾರೋ ನಕ್ಕರು. ನನಗೆ ಮೈಯೆಲ್ಲ ಹಿಡಿಯಾಯಿತು. ಆದರೆ ಮಗಳು ನಗಲಿಲ್ಲ. ಕಣ್ಣು ಒರೆಸಿಕೊಂಡು ಆ ತೊಟ್ಟಿಕ್ಕುವ ನಲ್ಲಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಅಮ್ಮಾ, ಆಗುತ್ತಾ?" ಎಂದಳು. ನಾನು ಯಾವ ಶಾಸ್ತ್ರ ಓದಿದವಳು? ಅವಳ ಮುಖ ನೋಡಿ "ಆಗುತ್ತೆ" ಎಂದೆ.

ಹೂವಮ್ಮ ಆಗಲೇ ಎದ್ದಿದ್ದಳು. "ಎಲ್ಲಿಗಮ್ಮೋ? ಬಸ್ ಹೊರಟ್ರೆ ನಾನು ಕಾಯಲ್ಲ" ಎಂದ ಕಂಡಕ್ಟರು. "ಹೊರಡ್ಲಿ ಕಣಪ್ಪ. ಇವತ್ತು ಈ ಬಸ್ ಹೊರಟ್ರೆ ಅದೇ ಒಂದು ಪವಾಡ, ಅದಕ್ಕೂ ಒಂದು ಕಾಯಿ ಒಡೀತೀನಿ." ಅವಳು ಇಳಿಯುತ್ತಾ ಬಸ್ಸಿನೊಳಗೆ ತಿರುಗಿ, ಕುರಿ ಮಂದೆಯಿಂದ ಆರಿಸುವ ಹಾಗೆ ಬೆರಳು ಮಾಡಿದಳು. "ಮೂವರು ಮುತ್ತೈದೆಯರು ಬೇಕು. ನಾನೊಬ್ಬಳು. ನೀನು ಬಾ. ಏಯ್, ಯೂನಿಫಾರಂ, ನೀನೂ ಬಾ."

ಒಬ್ಬಳು ಗಾರ್ಮೆಂಟ್ಸಿಗೆ ಹೋಗುವ ಹೊಸ ಮದುವೆಯ ಹುಡುಗಿ, ಕೈತುಂಬ ಹಸಿರು ಬಳೆ. ಇನ್ನೊಬ್ಬಳು ಏರ್‌ಪೋರ್ಟಿನಲ್ಲಿ ನೆಲ ಒರೆಸುವ ಕೆಲಸದವಳು, ಕುತ್ತಿಗೆಯಲ್ಲಿ ಪಟ್ಟಿ. "ಅಕ್ಕಾ, ನಂಗೆ ಡ್ಯೂಟಿ ಲೇಟಾಗುತ್ತೆ" ಎಂದಳು. "ಬಸ್ಸಲ್ಲಿ ಕೂತ್ರೆ ಬೇಗ ಆಗುತ್ತಾ?" ಎಂದಳು ಹೂವಮ್ಮ. ಅವಳಿಗೂ ಸರಿ ಎನ್ನಿಸಿತು, ಇಳಿದಳು.

ಟ್ಯಾಂಕರಿನ ಡ್ರೈವರು ಸಣಕಲು ಗಂಡಸು, ಗಡ್ಡ ಅರ್ಧ ಬೆಳ್ಳಗಾಗಿತ್ತು. ಕೇಳಿ ಗಾಬರಿಯಾದ. "ಇದು ಬಿಲ್ಡಿಂಗ್ ಕೆಲ್ಸಕ್ಕೆ ತಗೊಂಡೋಗ್ತಾ ಇರೋ ಬೋರ್ ನೀರಮ್ಮ. ಮತ್ತೆ ನಾವು ಸಾಬ್ರು. ನಡೀತದಾ?"

"ನಿಂಗ್ಯಾರಪ್ಪಾ ಪೂಜೆ ಮಾಡ್ತಾರೆ? ನೀರಿಗೆ ಮಾಡೋದು. ನೀನು ಸ್ವಲ್ಪ ಪಕ್ಕಕ್ಕೆ ನಿಂತ್ಕೋ."

ಅವನು ನಕ್ಕುಬಿಟ್ಟ. ಹೆಗಲ ಮೇಲಿನ ಬಟ್ಟೆ ತೆಗೆದು ನಲ್ಲಿಯ ಸುತ್ತ ಮೆತ್ತಿದ್ದ ಮಣ್ಣನ್ನು ಉಜ್ಜಿ ಉಜ್ಜಿ ಒರೆಸಿದ. ಎಷ್ಟು ಅಡಿ ಬೋರು ಎಂದು ಯಾರೋ ಕೇಳಿದರು. "ಸಾವಿರ ದಾಟೈತಣ್ಣ, ಪಾತಾಳ" ಎಂದ. ನಾನು ಆ ಮಾತು ಕೇಳಿ ಹಾಗೇ ನಿಂತೆ. ನಮ್ಮಜ್ಜಿ ಬಾವಿಗೆ ಬಗ್ಗಿ ಚೊಂಬಿನಲ್ಲೇ ನೀರು ಮೊಗೆಯುತ್ತಿದ್ದಳಂತೆ. ಈಗ ಆ ತಾಯಿ ಅಷ್ಟು ಕೆಳಗೆ ಹೋಗಿ ಕೂತಿದ್ದಾಳೆ. ಅಲ್ಲಿಂದಲೂ ಕರೆದರೆ ಬರುತ್ತಾಳೆ. ಬಂದು, ಜಾಮ್‌ನಲ್ಲಿ ನಮ್ಮ ಜೊತೆ ನಿಲ್ಲುತ್ತಾಳೆ.

ಮೂರು ಕಲ್ಲು ಬೇಕಲ್ಲ? ಸೇತುವೆ ಕೆಲಸಕ್ಕೆ ಗುಡ್ಡೆ ಹಾಕಿದ್ದ ಜಲ್ಲಿಯಲ್ಲಿ ಗಾರ್ಮೆಂಟ್ಸ್ ಹುಡುಗಿ ಮೂರು ಆರಿಸಿ ತಂದಳು. ನಲ್ಲಿಯ ಕೆಳಗೆ ಒದ್ದೆಯಾದ ಡಾಂಬರಿನ ಮೇಲೆ ಇಟ್ಟು, ಅರಿಶಿನ ಹಚ್ಚಿ, ಹೂವಮ್ಮ ತನ್ನ ಸೇವಂತಿಗೆ ಏರಿಸಿದಳು. ಕರ್ಪೂರಕ್ಕೆ ಬೆಂಕಿಪೊಟ್ಟಣ ಬೀಡಿ ಸೇದುತ್ತಿದ್ದ ಒಬ್ಬರು ಕೊಟ್ಟರು. ನಾನು ಮಗೂನ ಎತ್ತಿಕೊಂಡು ಬಸ್ಸಿನ ಮೆಟ್ಟಿಲ ಹತ್ತಿರವೇ ಇದ್ದೆ. ಗಂಡ ಸತ್ತವಳು ಅಂಥ ಕಡೆ ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಕಾಲಿಗೇ ಗೊತ್ತಿತ್ತು.

"ಹಾಡು ಯಾರು ಹೇಳ್ತೀರಾ?" ಎಂದಳು ಹೂವಮ್ಮ. ಹುಡುಗಿಯರು ಮುಖ ಮುಖ ನೋಡಿಕೊಂಡರು. ಹೂವಮ್ಮ ತಾನೇ ಶುರು ಮಾಡಿ ಎರಡನೇ ಸಾಲಿಗೆ ಸಿಕ್ಕಿಬಿದ್ದಳು. "ಥೂ, ಬಾಯಲ್ಲೇ ಐತೆ, ಬರ್ತಾ ಇಲ್ಲ." ಗಂಗೆಯ ಹಾಡು ನನಗೆ ಬರುತ್ತಿತ್ತು. ನಮ್ಮಮ್ಮನಿಂದ ಕಲಿತದ್ದು. ಮುತ್ತೈದೆಯಾಗಿದ್ದಾಗ ಗುಂಪಿನ ನಡುವೆ ದನಿ ಸೇರಿಸಿದ್ದೆನೇ ಹೊರತು ಒಬ್ಬಳೇ ಯಾವತ್ತೂ ಹಾಡಿರಲಿಲ್ಲ. ಈಗ ಮಗುವಿನ ಕಿವಿಯ ಹತ್ತಿರ ಬಾಯಿಟ್ಟು, ಅದಕ್ಕೊಂದಕ್ಕೇ ಕೇಳುವ ಹಾಗೆ, ಮುಂದಿನ ಸಾಲು ಅಂದೆ.

ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಬಂತು. ಇಳಿಯುವ ವಿಮಾನ. ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಅದರ ನೆರಳು ಟ್ಯಾಂಕರಿನ ಮೇಲೆ, ನಿಮ್ಮಮ್ಮನ ಬಗ್ಗಿದ ಬೆನ್ನಿನ ಮೇಲೆ ಹರಿದು ಹೋಯಿತು. ಸದ್ದಿಗೆ ಬಸ್ಸಿನ ಗಾಜು ನಡುಗಿತು. ಆ ಸದ್ದಿನೊಳಗೆ ನನ್ನ ದನಿ ಯಾರಿಗೂ ಕೇಳದು ಎಂಬ ಧೈರ್ಯದಲ್ಲಿ ನಾನು ಗಂಟಲು ಬಿಟ್ಟು ಹಾಡಿದೆ. ಒಬ್ಬಳೇ ಇದ್ದಾಗಲೂ ಹಾಗೆ ಹಾಡಿರಲಿಲ್ಲ. ವಿಮಾನ ಹೋಯಿತು. ನನ್ನ ಹಾಡು ನಿಂತಿರಲಿಲ್ಲ. ಕಣ್ಣು ತೆರೆದರೆ ಬಸ್ಸಿನ ಕಿಟಕಿ ತುಂಬ ಮುಖಗಳು, ಬೈಕಿನವರು ಹೆಲ್ಮೆಟ್ ತೆಗೆದು ನೋಡುತ್ತಿದ್ದಾರೆ.

"ನಿಲ್ಲಿಸ್ಬೇಡ ಕಣವ್ವಾ" ಎಂದಳು ಹೂವಮ್ಮ. "ಮಗೂನ ಎತ್ಕೊಂಡು ಅಷ್ಟು ದೂರ ಯಾಕೆ ನಿಂತಿದೀಯಾ, ಈ ಕಡೆ ಬಾ. ಗಂಗಮ್ಮ ನೋಡ್ಬೇಕಲ್ಲ ಕೂಸ್ನ."

ಹೋದೆ. ಹೇಗೆ ಹೋದೆನೋ, ಕಾಲು ಹೋಯಿತು. ಪುಟ್ಟೀ, ನಿನ್ನನ್ನು ಆ ನಲ್ಲಿಯ ಮುಂದೆ ಹಿಡಿದೆ. ಹಾಡು ಮುಗಿಸಿದೆ.

ಆಗಲೇ ಮುಂದೆ ಪೊಲೀಸರ ಸೀಟಿ ಕೇಳಿಸಿತು. ಬಿಟ್ಟರು. ಹಿಂದಿನಿಂದ ಹಾರ್ನು ಶುರುವಾಯಿತು. ಒಂದಲ್ಲ ನೂರಲ್ಲ, ರಸ್ತೆಯೇ ಅರಚಿಕೊಂಡ ಹಾಗೆ. ಬಾಣಂತಿ ಇನ್ನೂ ನೀರು ಹಿಡಿದಿರಲಿಲ್ಲ. ಅದು ಆಗದೆ ಪೂಜೆ ಪೂಜೆಯಲ್ಲ. ಅವಳು ಎಷ್ಟು ಬಲ ಹಾಕಿದರೂ ನಲ್ಲಿಯ ಹಿಡಿ ತಿರುಗುತ್ತಿರಲಿಲ್ಲ. ಟ್ಯಾಂಕರಿನ ಹಿಂದಿನ ಕಾರಿನವನು ತಲೆ ಹೊರಗೆ ಹಾಕಿ, "ಏನ್ ಗುರು, ರೋಡ್ ಮಧ್ಯೆ ಮದ್ವೆ ಇಟ್ಕೊಂಡಿದೀರಾ?" ಎಂದು ಕೂಗಿದ.

ಟ್ಯಾಂಕರಿನವನು ಗಾಡಿ ಹತ್ತಲಿಲ್ಲ. ಕಾರಿನ ಮುಂದೆ ಹೋಗಿ ನಿಂತು, "ಬಾಣಂತಿ ನೀರು ತುಂಬ್ತಾವ್ರೆ ಸಾರ್. ಒಂದ್ ನಿಮಿಷ" ಎಂದ. ಕಾರಿನವನು ನೋಡಿದ. ಏನು ಅರ್ಥವಾಯಿತೋ, ಹಾರ್ನಿನಿಂದ ಕೈ ತೆಗೆದ. ಅವನ ಪಕ್ಕದ ಆಟೋದವನೂ ತೆಗೆದ. ದೂರದಲ್ಲಿ ಇನ್ನೂ ಅರಚುತ್ತಿದ್ದವು, ಆದರೆ ನಮ್ಮ ಸುತ್ತ ಒಂದು ಒಕ್ಕಣೆ ಕಣದಷ್ಟು ಜಾಗದಲ್ಲಿ ಸದ್ದಿರಲಿಲ್ಲ. ಅವಸರದ ಜನ ಅವರು. ಒಬ್ಬೊಬ್ಬರಿಗೂ ಎಷ್ಟು ತಡವಾಗಿತ್ತೋ. ಅವರಿಗೆ ನಾವು ಯಾರು? ಅದನ್ನು ನೆನೆದರೆ ಇವತ್ತಿಗೂ ನನಗೆ ಮೈ ಜುಂ ಅನ್ನುತ್ತದೆ. ಆ ವಿಮಾನಕ್ಕಿಂತ ಅದೇ ದೊಡ್ಡದು.

"ಎಡಕ್ಕೆ ತಿರುಗ್ಸಮ್ಮಾ, ಜೋರಾಗಿ" ಎಂದ ಟ್ಯಾಂಕರಿನವನು. ಅವಳು ತಿರುಗಿಸಿದಳು. ನೀರು ಬಂತಲ್ಲ, ಬಂದದ್ದೇ ಬಂತು! ಚೊಂಬು ಕೈಯಿಂದ ಹಾರಿತು. ಅವಳ ಸೀರೆ, ಹೂವಮ್ಮನ ಮಂಕರಿ, ಯೂನಿಫಾರಂ ಹುಡುಗಿ, ಮಗು, ನಾನು, ಎಲ್ಲರೂ ತೊಯ್ದು ಹೋದೆವು. ಮಗು ಉಸಿರು ಕಟ್ಟಿಕೊಂಡು, ಆಮೇಲೆ ದೊಡ್ಡ ದನಿ ತೆಗೆದು ಅತ್ತಿತು. ನಿಮ್ಮಮ್ಮ ನಕ್ಕಳು. ಹೆತ್ತಮೇಲೆ ಅವಳು ಬಾಯಿ ಬಿಟ್ಟು ನಕ್ಕಿದ್ದನ್ನು ನಾನು ಕೇಳಿದ್ದು ಆಗಲೇ. ನಗುತ್ತಲೇ ಚೊಂಬು ಎತ್ತಿಕೊಂಡು ತುಂಬಿದಳು. ನೆರಳು ಕಂಬದ ಬುಡ ಮುಟ್ಟಲು ಇನ್ನೂ ಒಂದು ಗೇಣು ಇತ್ತು.

ನಾವು ಓಡಿ ಬಂದು ಹತ್ತುವವರೆಗೂ ಬಸ್ಸು ನಿಂತಿತ್ತು. ಕಾಯಲ್ಲ ಎಂದಿದ್ದ ಕಂಡಕ್ಟರು ಬಾಗಿಲಲ್ಲಿ ಕೈ ಅಡ್ಡ ಹಿಡಿದು ಹಿಂದಿನವರಿಗೆ ಬೈಯುತ್ತಿದ್ದ. ಅಲ್ಲಿಂದ ದೇವನಹಳ್ಳಿಯವರೆಗೆ ಆ ಚೊಂಬು ಇಡೀ ಬಸ್ಸಿನ ಚೊಂಬಾಯಿತು. "ಹಂಪ್ ಬಂತು, ಹುಷಾರವ್ವ" ಎಂದು ಡ್ರೈವರು ಮುಂದಿನಿಂದ ಕೂಗುವನು. ಗಾಡಿ ಕುಲುಕಿದರೆ ಪಕ್ಕದವರೆಲ್ಲ ಚೊಂಬಿನ ಬಾಯಿಗೆ ಕೈ ಅಡ್ಡ ಹಿಡಿಯುವರು. ಏರ್‌ಪೋರ್ಟಿನ ತಿರುವಿನಲ್ಲಿ ಯೂನಿಫಾರಂ ಹುಡುಗಿ ಒದ್ದೆ ಬಟ್ಟೆಯಲ್ಲೇ ಇಳಿದಳು. ಹೂವಮ್ಮ ಉಳಿದ ಹೂವೆಲ್ಲ ಮಗಳ ಮುಡಿಗೆ ಸಿಕ್ಕಿಸಿದಳು.

ಊರು ತಲುಪಿದಾಗ ಬಾವಿಯ ಹತ್ತಿರ ಹೆಂಗಸರು ಕಾದು ಕಾದು ಸಿಡುಕುತ್ತಿದ್ದರು. "ಹೊತ್ತು ತಿರುಗೋಯ್ತಲ್ಲೇ. ಇನ್ನು ಪಕ್ಷ ಕಳೀಲಿ" ಎಂದರು ಓರಗಿತ್ತಿ. ಮಗಳು ಯಾರಿಗೂ ಉತ್ತರ ಕೊಡದೆ, ಚೊಂಬು ಎದೆಗೆ ಹಿಡಿದು ನೇರ ಒಳಗೆ ಹೋಗಿ ಒಲೆ ಹಚ್ಚಿದಳು. ನಾನು ನಡೆದದ್ದನ್ನು ತುಂಡು ತುಂಡಾಗಿ ಹೇಳಿದೆ.

"ಟ್ಯಾಂಕರಿಗಾ?" ಓರಗಿತ್ತಿಯ ದನಿ ಮಾಡಿಗೆ ಮುಟ್ಟಿತು. "ರೋಡಲ್ಲಿ ನಿಂತಿರೋ ಟ್ಯಾಂಕರಿಗೆ ಪೂಜೆ ಮಾಡಿ, ಆಯ್ತು ಅಂತೀಯಾ? ಗೊತ್ತಿದ್ದೋರು ಕೇಳಿದ್ರೆ ನಗ್ತಾರೆ. ಅದೆಲ್ಲ ಲೆಕ್ಕಕ್ಕಿಲ್ಲ. ಪಕ್ಷ ಕಳೆದ್ಮೇಲೆ ಮತ್ತೆ ಮಾಡ್ಬೇಕು." ಒಬ್ಬರು ಹೌದೆಂದರು, ಒಬ್ಬರು ನೀರಿಗೆ ಎಲ್ಲಾದರೇನು ಎಂದರು. ಮಾತಿಗೆ ಮಾತು ಬೆಳೆಯಿತು. ನನಗೆ ಒಂದೇ ಭಯ, ಇದೆಲ್ಲ ಅವಳ ಕಿವಿಗೆ ಬಿದ್ದರೆ ಮತ್ತೆ ಶುರುವಾಗುತ್ತದಲ್ಲ ಎಂದು. "ಅಕ್ಕಾ, ಆಗಿದೆ. ನಾನೇ ನಿಂತು ಮಾಡ್ಸಿದೀನಿ" ಎಂದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದಕ್ಕೆ ಅವರು ತಿರುಗಿ ನನ್ನ ಮುಖ ನೋಡಿದರು. ಆಗ ಅನ್ನ ಉಕ್ಕುವ ಸದ್ದು ಕೇಳಿಸಿತು.

ಒಳಗೆ ಹೋಗಿ ನೋಡಿದೆವು. ಗಂಜಿ ಉಕ್ಕಿ ಒಲೆಗೆ ಸುರಿಯುತ್ತಿತ್ತು. ಮಗು ಚಾಪೆಯ ಮೇಲೆ ಕೈಕಾಲು ಆಡಿಸುತ್ತಿತ್ತು. ನಿಮ್ಮಮ್ಮ ಒಂದು ಮಾರು ಆಚೆ, ಗೋಡೆಗೆ ಒರಗಿ ಕೂತವಳು ಹಾಗೇ ಜಾರಿ, ಬಾಯಿ ಸ್ವಲ್ಪ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಮುಡಿಯ ಸೇವಂತಿಗೆ ನೆಲಕ್ಕೆ ಬಿದ್ದಿತ್ತು. ಎರಡು ಕೈಯೂ ತನ್ನ ಮಡಿಲಲ್ಲೇ ಇದ್ದವು.

ಅವಳು ಇಷ್ಟು ದಿನ ಹೇಗಿದ್ದಳೆಂದು ಓರಗಿತ್ತಿಗೂ ಗೊತ್ತಿತ್ತು. ಸುಮ್ಮನೆ ಹೋಗಿ ಅನ್ನದ ಪಾತ್ರೆ ಇಳಿಸಿದರು. ಹಿಂದೆ ಬಂದವರಿಗೆ, "ಶ್, ಮೆಲ್ಲಗೆ. ಮಲಗವ್ಳೆ" ಎಂದರು. ನನ್ನ ಚೀಲದಿಂದ ಕಡಲೆಕಾಳು ತೆಗೆದುಕೊಂಡು ಹೊರಗೆ ಹೋಗಿ, ಗಂಗೆ ಪೂಜೆಯ ಪ್ರಸಾದ ಎಂದು ಎಲ್ಲರ ಕೈಗೂ ಹಾಕಿದರು. ಆಮೇಲೆ ಆ ಪೂಜೆ ಲೆಕ್ಕಕ್ಕೆ ಬಂತೋ ಇಲ್ಲವೋ ಎಂದು ನಮ್ಮೂರಲ್ಲಿ ಯಾರೂ ಕೇಳಲಿಲ್ಲ.

ಚಿನ್ನೂ, ನೀನು ಹುಟ್ಟುವ ಹೊತ್ತಿಗೆ ಮನೆಗೆ ನಲ್ಲಿ ಬಂದಿತ್ತು. ನಲ್ಲಿಗೇ ಪೂಜೆ ಮಾಡೋಣ ಎಂದರು ಎಲ್ಲರೂ. ನಿಮ್ಮಮ್ಮ ಒಪ್ಪಲಿಲ್ಲ. ಹಣ ಕೊಟ್ಟು ಟ್ಯಾಂಕರ್ ತರಿಸಿದಳು. ಬೀದಿಯವರು ನೀರಿಗೆಂದು ಬಿಂದಿಗೆ ಸಾಲು ಇಟ್ಟುಬಿಟ್ಟರು, ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ನಿಮ್ಮಪ್ಪನಿಗೆ ಸಾಕಾಯಿತು.

ಆವತ್ತಿನವರನ್ನು ನಾನು ಮತ್ತೆ ಒಟ್ಟಿಗೆ ಕಾಣಲಿಲ್ಲ. ಹೂವಮ್ಮ ಒಂದೆರಡು ವರ್ಷ ಸಿಕ್ಕಳು, ಆಮೇಲೆ ಬಸ್ಸಿಗೆ ಬರುವುದನ್ನು ಬಿಟ್ಟಳು. ನಾವು ಪೂಜೆ ಮಾಡಿದ ರಸ್ತೆಯ ಮೇಲೆ ಈಗ ಇನ್ನೊಂದು ರಸ್ತೆ ಇದೆ. ಮೇಲೆ ಹೋಗುವವರಿಗೆ ಕೆಳಗಿನದು ಕಾಣುವುದೂ ಇಲ್ಲ.

ನಿಮ್ಮಣ್ಣನಾಗಬೇಕಾಗಿದ್ದ ಆ ಕೂಸಿನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅವನ ಮಾತು ನಾನು ಬರೆದಿರುವುದು ಇಲ್ಲೊಂದೇ ಕಡೆ. ನಿಮ್ಮಮ್ಮ ಕೇಳಿದರೆ ಓದಲು ಕೊಡಿ, ಕೇಳದಿದ್ದರೆ ಬಲವಂತ ಬೇಡ. ನನ್ನ ಟ್ರಂಕಿನ ತಳದಲ್ಲಿ ನಿಮ್ಮ ತಾತನ ಮದುವೆ ಪಂಚೆ ಇದೆ. ಅದರ ಮಡಿಕೆಯೊಳಗೆ ಈ ಹಾಳೆಗಳನ್ನು ಇಟ್ಟಿರುತ್ತೇನೆ. ಪಂಚೆ ಹಳತಾಯಿತೆಂದು ಯಾರಾದರೂ ಎಸೆಯಲು ಹೊರಟರೆ, ನೀವಿಬ್ಬರೂ ಮೊದಲು ಕೈ ಹಾಕಿ ಇವನ್ನು ತೆಗೆದುಕೊಳ್ಳಿ. ಒಬ್ಬರು ಮರೆತರೆ ಇನ್ನೊಬ್ಬರು ನೆನಪಿಸಿ.